ಭಾನುವಾರದವರಿಗೆ ತೋರಿಸದ ಹನ್ನೊಂದು ನಿಮಿಷ

ಮಾನ್ಯ ಚಿತ್ರ ಪರಿಶೀಲನಾಧಿಕಾರಿಗಳೇ,

ಹೋದ ತಿಂಗಳು ನಿಮ್ಮ ಸಭಾಂಗಣದಲ್ಲಿ ಶನಿವಾರ ನನ್ನ ತಂಗಿಗೆ ತೋರಿಸಿದ ಸಿನಿಮಾವನ್ನು ಭಾನುವಾರ ನೀವು ನನಗೆ ತೋರಿಸಲಿಲ್ಲ. ಹೆಸರು ಅದೇ, ಪೋಸ್ಟರು ಅದೇ, ಬಾಗಿಲಲ್ಲಿ ಟಿಕೆಟ್ ಹರಿದುಕೊಟ್ಟವರೂ ಅವರೇ. ಒಳಗಿನ ಹನ್ನೊಂದು ನಿಮಿಷ ಮಾತ್ರ ಇರಲಿಲ್ಲ. ತೆಗೆದಿದ್ದೇವೆ ಎಂದು ನೀವು ಯಾರಿಗೂ ಹೇಳಲಿಲ್ಲ. ಇನ್ನೊಬ್ಬರ ವಸ್ತುವನ್ನು ಹೇಳದೆ ಕೇಳದೆ ತೆಗೆಯುವುದಕ್ಕೆ ನಮ್ಮ ಮಾತಿನಲ್ಲಿ ಮೂರಕ್ಷರದ ಪದವೊಂದಿದೆ. ಪತ್ರದ ಮರ್ಯಾದೆಗಾಗಿ ಅದನ್ನು ಇಲ್ಲಿ ಬರೆಯುತ್ತಿಲ್ಲ. ಆದರೆ ಆ ಹನ್ನೊಂದು ನಿಮಿಷದ ದೆಸೆಯಿಂದ ಒಂದೇ ಸೂರಿನಡಿ ಇರುವ ಅಕ್ಕ ತಂಗಿ ಇಪ್ಪತ್ತಾರು ದಿನ ಮಾತು ಬಿಟ್ಟಿದ್ದೆವು ಎಂಬುದನ್ನು ಬರೆಯದೆ ಇರಲಾರೆ. ನಿಮ್ಮ ಕಚೇರಿ ನನ್ನ ಅರ್ಜಿಗೆ ಕೊಟ್ಟ ಉತ್ತರವನ್ನು ಓದಿದ ಮೇಲೆ, ಇದನ್ನು ಲಕೋಟೆಯಲ್ಲಿ ಹಾಕಿ ನಿಮಗೊಬ್ಬರಿಗೇ ಕಳಿಸುವಷ್ಟು ನಂಬಿಕೆ ನನಗೆ ಉಳಿದಿಲ್ಲ. ಆದ್ದರಿಂದ ಎಲ್ಲರೂ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ. ನನ್ನ ಮುಂದೆ ಒಂದು ಗಾಜು, ಗಾಜಿನಲ್ಲಿ ಅಂಗೈಯಗಲದ ಕಿಂಡಿ. ಆ ಕಿಂಡಿಯಾಚೆ ನಿಂತು ಚಾಲಕರು ಹೇಳುವ ಕಾರಣಗಳನ್ನೆಲ್ಲ ಕೇಳಿಸಿಕೊಳ್ಳುವುದು, ಯಾವುದನ್ನೂ ನಂಬದೆ ಗಡಿಯಾರ ನೋಡಿ ಬರೆಯುವುದು ನನ್ನ ಕೆಲಸ. ಅನುಮಾನ ನನಗೆ ಸಂಬಳ ಕೊಡುವ ಗುಣ. ನನ್ನ ತಂಗಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳದೂ ಅದೇ ಜಾತಿಯ ಉದ್ಯೋಗವೇ: ವೈದ್ಯರ ಚೀಟಿಯನ್ನು ಎರಡು ಸಲ ಓದದೆ ಒಂದು ಮಾತ್ರೆಯನ್ನೂ ಕೈಬಿಡುವುದಿಲ್ಲ. ಇಂಥ ಇಬ್ಬರು ಒಂದೇ ಮನೆಯಲ್ಲಿದ್ದರೆ ಬದುಕು ಹೇಗಿರುತ್ತದೆ ಎಂದು ನೀವೇ ಊಹಿಸಿ. ಆದರೂ ಒಂದೂವರೆ ವರ್ಷದಿಂದ ಚೆನ್ನಾಗಿಯೇ ಇದ್ದೆವು.

ಅದಕ್ಕೂ ಮುಂಚೆ ಅವಳು ಇಲ್ಲಿರಲಿಲ್ಲ. ನಮ್ಮ ಅಪ್ಪ ಮೂರು ವರ್ಷ ಹಾಸಿಗೆ ಹಿಡಿದಿದ್ದರು. ಬಲಗಡೆಯ ಕೈಕಾಲು ಬಿದ್ದುಹೋಗಿತ್ತು, ಮಾತು ಅರ್ಧಕ್ಕರ್ಧ ಹೋಗಿತ್ತು. ಎಡಗೈಯಲ್ಲಿ ಒಂದು ಸ್ಟೀಲ್ ಚಮಚ ಹಿಡಿದು ಮಂಚದ ಕಂಬಿಗೆ ಬಡಿದು ನನ್ನನ್ನು ಕರೆಯುತ್ತಿದ್ದರು. ಆಗ ತಂಗಿಗೆ ರೈಲಿನಲ್ಲಿ ಹದಿನಾಲ್ಕು ತಾಸು ದೂರದ ಊರಿನಲ್ಲಿ ಕೆಲಸ. ತಿಂಗಳಿಗೊಮ್ಮೆ ಅಂಚೆಯಲ್ಲಿ ಮಾತ್ರೆಗಳ ಡಬ್ಬಿ ಬರುತ್ತಿತ್ತು. ಪ್ರತಿ ಪೊಟ್ಟಣದ ಮೇಲೂ ಅವಳ ದುಂಡು ಅಕ್ಷರದಲ್ಲಿ ‘ಬೆಳಿಗ್ಗೆ’, ‘ಮಧ್ಯಾಹ್ನ’, ‘ಊಟವಾದ ಮೇಲೆ’ ಎಂದು ಬರೆದಿರುತ್ತಿತ್ತು. ಅಪ್ಪ ಹೋದದ್ದು ಒಂದು ಬುಧವಾರ ಬೆಳಿಗ್ಗೆ, ನಾನು ಅವರ ಮುಖ ಒರೆಸುತ್ತಿರುವಾಗಲೇ. ಇದನ್ನು ಇಷ್ಟು ಸ್ಪಷ್ಟವಾಗಿ ಏಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಈಗ ನಿಮ್ಮ ಸಿನಿಮಾಕ್ಕೆ ಬರೋಣ. ‘ವಿಶ್ವ ಚಿತ್ರ ಸಪ್ತಾಹ’ ಎಂದು ಊರೆಲ್ಲ ಫಲಕ ಹಾಕಿಸಿದಿರಿ. ಸ್ಪೇನ್ ದೇಶದ ಹೆಸರಾಂತ ನಿರ್ದೇಶಕರ ಚಿತ್ರ, ಹಲವು ದೇಶಗಳಲ್ಲಿ ಗೌರವ ಪಡೆದದ್ದು, ಎರಡು ದಿನ, ಸಂಜೆ ನಾಲ್ಕಕ್ಕೆ ಎಂದು ಕರಪತ್ರ ಹಂಚಿದಿರಿ. ತಂಗಿಗೆ ಶನಿವಾರ ಅರ್ಧ ದಿನ ರಜೆ, ನನಗೆ ಭಾನುವಾರ ಪೂರ್ತಿ ರಜೆ. ಅವಳು ಮೊದಲು ಹೋಗಿಬಂದಳು. ಕೇಳಿದರೆ, “ನಾನೇನೂ ಹೇಳಲ್ಲ ಅಕ್ಕ, ನೀನು ನೋಡ್ಕೊಂಡು ಬಾ, ಆಮೇಲೆ ಮಾತಾಡೋಣ,” ಎಂದಳು. ಅವಳ ಕಣ್ಣು ಕೆಂಪಗಿತ್ತು. ಮರುದಿನ ನಾನು ಹೋದೆ.

ನಾನು ನೋಡಿದ ಕಥೆ ಇಷ್ಟು. ಕಡಲತೀರದ ಪುಟ್ಟ ಊರು. ಬಂದರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಅಪ್ಪ ಈಗ ಹಾಸಿಗೆಯಲ್ಲಿ. ಮಹಾ ಸಿಡುಕ. ತಲೆದಿಂಬಿನ ಪಕ್ಕ ಒಂದು ಹಿತ್ತಾಳೆಯ ಗಂಟೆ, ಅದು ಬಾರಿಸಿದರೆ ಹಿರಿಮಗಳು ಓಡಿಬರಬೇಕು. ಮಗಳು ಮನೆಯಲ್ಲೇ ಬಟ್ಟೆ ಇಸ್ತ್ರಿ ಮಾಡಿಕೊಡುವವಳು, ಮದುವೆಯಿಲ್ಲ. ಕಿರಿಮಗಳು ದೂರದ ನಗರದಲ್ಲಿ. ಗೋಡೆಗಳಿಗೆಲ್ಲ ಕಣ್ಣು ಕುಕ್ಕುವ ಬಣ್ಣ, ಮಾತಿಗಿಂತ ಮೌನ ಹೆಚ್ಚು. ಒಂದು ಮಧ್ಯಾಹ್ನ ಗಂಟೆ ಒಮ್ಮೆ ಬಾರಿಸುತ್ತದೆ. ಮುಂದಿನ ಕ್ಷಣವೇ ಶವಪೆಟ್ಟಿಗೆ, ಹೂವು, ಕಪ್ಪು ಬಟ್ಟೆಯ ಜನ. ಕಿರಿಯವಳು ಬರುತ್ತಾಳೆ, ಇಬ್ಬರೂ ಅಪ್ಪನ ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಾರೆ, ಮುಗಿಯಿತು. ಗಂಟೆಯಿಂದ ಶವಪೆಟ್ಟಿಗೆಗೆ ಹಾರಿದ್ದು ನನಗೆ ಕೊಂಚ ಅವಸರವೆನಿಸಿತು. ದೊಡ್ಡ ನಿರ್ದೇಶಕರು, ಅವರ ಲೆಕ್ಕವೇ ಬೇರೆ ಇರಬೇಕು ಎಂದು ಸುಮ್ಮನಾದೆ. ಹತ್ತೊಂಬತ್ತು ವರ್ಷದಲ್ಲಿ ನಾನು ಅನುಮಾನ ಪಡದೆ ಬಿಟ್ಟ ಒಂದೇ ಒಂದು ಸಂದರ್ಭ ಅದು.

ಮನೆಗೆ ಬಂದು ಚಹಾ ಮಾಡಿಕೊಂಡು ಅಡುಗೆಮನೆಯಲ್ಲಿ ಕೂತೆವು. ನಾನೇ ಶುರುಮಾಡಿದೆ.

“ಆ ಹಿರಿಯವಳು ಬಂಗಾರ ಕಣೇ. ಒಂದು ಸಲವಾದ್ರೂ ಮುಖ ಗಂಟು ಹಾಕಿದ್ಲಾ ನೋಡು.”

ತಂಗಿ ಲೋಟ ಕೆಳಗಿಟ್ಟಳು. “ಬಂಗಾರ ಅಂತ ನಾನೂ ಅಂತೀನಿ. ಕೊನೆಗೆ ಹಾಗೆ ಮಾಡಿದ್ಲು ಅಂತ ಅವಳನ್ನ ಯಾರೂ ಬಯ್ಯೋಕಾಗಲ್ಲ.”

“ಹಾಗೆ ಅಂದ್ರೆ? ಏನ್ ಮಾಡಿದ್ಲು?”

“ಗಂಟೆ ಕೇಳಿಸಿದ್ರೂ ಏಳಲಿಲ್ವಲ್ಲ.”

“ಯಾರು ಏಳಲಿಲ್ಲ?”

ಅವಳು ನನ್ನ ಮುಖ ನೋಡಿದಳು. ಆ ನೋಟ ನನಗೆ ಇನ್ನೂ ನೆನಪಿದೆ. ಸುಳ್ಳು ಹೇಳುವ ರೋಗಿಯನ್ನು ಕೌಂಟರಿನಾಚೆಯಿಂದ ನೋಡುವ ಹಾಗೆ, ಕನಿಕರದಿಂದ. “ಅಕ್ಕ, ಅಷ್ಟು ಹೊತ್ತು ತೋರಿಸ್ತಾರೆ. ನೀನು ನೋಡಲಿಲ್ಲ ಅಂದ್ರೆ ಹೇಗೆ? ಮೂರು ವರ್ಷ ಮಾಡಿದವಳಿಗೆ ಒಂದು ದಿನ ಏಳೋಕೆ ಮನಸ್ಸಾಗದೆ ಇರಬಹುದು. ನನಗೆ ಅರ್ಥ ಆಗುತ್ತೆ. ನಾನೇನೂ ತಪ್ಪು ತಿಳ್ಕೊಳಲ್ಲ.”

ಅವಳು ಹೇಳಿದ್ದು ‘ಮೂರು ವರ್ಷ’. ಸಿನಿಮಾದಲ್ಲಿ ಆ ಅಪ್ಪ ಮಲಗಿದ್ದದ್ದು ಏಳು ವರ್ಷ. ಮೂರು ವರ್ಷ ನಮ್ಮ ಮನೆಯದು.

ನಾನು ಚಹಾವನ್ನು ತೊಟ್ಟಿಗೆ ಚೆಲ್ಲಿ ಎದ್ದುಹೋದೆ.

ಮಾನ್ಯರೇ, ಅಲ್ಲಿಂದಾಚೆಯ ಇಪ್ಪತ್ತಾರು ದಿನಗಳನ್ನು ನೀವು ನೋಡಬೇಕಿತ್ತು. ನಮ್ಮ ಮನೆ ಎರಡು ಕೋಣೆಯದು. ಒಬ್ಬರು ಕೆಮ್ಮಿದರೆ ಇನ್ನೊಬ್ಬರು ಎದೆ ಮುಟ್ಟಿಕೊಳ್ಳುವಷ್ಟು ಹತ್ತಿರ. ಹಾಲು ಬಂದಿದೆ, ಗ್ಯಾಸ್ ಮುಗಿಯಿತು, ಪ್ಲಂಬರ್ ನಾಳೆ ಬರುತ್ತಾನೆ ಎಂಬುದನ್ನೆಲ್ಲ ನನ್ನ ಹಳೆಯ ಡ್ಯೂಟಿ ಚೀಟಿಗಳ ಹಿಂಬದಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸುತ್ತಿದ್ದೆವು. ಅವಳು ಎಲ್ಲೋ ಏನೋ ಕೇಳಿಕೊಂಡು ಬಂದಿದ್ದಾಳೆ ಎಂದು ನನಗೆ ಅನುಮಾನ. ಪಕ್ಕದ ಮನೆಯಾಕೆ ಹೇಳಿದಳೇ? ಅಪ್ಪನನ್ನು ನೋಡಲು ಬರುತ್ತಿದ್ದ ಚಿಕ್ಕಮ್ಮ ಏನಾದರೂ ಊದಿದರೇ? ಒಂದು ದಿನ ಅಪ್ಪನ ಹಳೆಯ ಮಾತ್ರೆ ಡಬ್ಬಿ ಕಪಾಟಿನ ಮೇಲಿನ ಅರೆಯಿಂದ ಕೆಳಗಿನ ಅರೆಗೆ ಬಂದಿತ್ತು. ಉಳಿದ ಮಾತ್ರೆಗಳನ್ನು ಎಣಿಸಿ ನೋಡಿರಬೇಕು ಎಂದು ನನಗೆ ಖಾತ್ರಿಯಾಯಿತು. ಅವಳ ಕಡೆಯ ಅನುಮಾನ ಇನ್ನೂ ಕೆಟ್ಟದ್ದಾಗಿತ್ತು ಎಂದು ಆಮೇಲೆ ತಿಳಿಯಿತು. ಇಡೀ ಸಭಾಂಗಣ ಉಸಿರು ಬಿಗಿಹಿಡಿದು ನೋಡಿದ ದೃಶ್ಯವನ್ನು ಅಕ್ಕ ನೋಡಿಯೇ ಇಲ್ಲ ಎನ್ನುತ್ತಾಳೆ, ಹಾಗಾದರೆ ಅವಳ ಮನಸ್ಸಿನಲ್ಲಿ ಏನೋ ಇದೆ, ಇಲ್ಲದಿದ್ದರೆ ಕಂಡದ್ದನ್ನು ಕಂಡಿಲ್ಲ ಎನ್ನುವ ದರ್ದು ಏನು? ನಮ್ಮ ಅಪ್ಪ ಹೇಗೆ ಹೋದರು ಎಂದು ಅವಳು ಎಂದೂ ನನ್ನನ್ನು ಕೇಳಿರಲಿಲ್ಲ. ಕೇಳಬೇಕೆಂದು ಅವಳಿಗೆ ಮೊದಲ ಬಾರಿಗೆ ಅನಿಸಿದ್ದು ನಿಮ್ಮ ಕೃಪೆಯಿಂದ.

ಗುಟ್ಟು ಬಿಚ್ಚಿಕೊಂಡದ್ದು ನಮ್ಮ ಡಿಪೋದ ಕ್ಯಾಂಟೀನಿನಲ್ಲಿ. ಮೆಕ್ಯಾನಿಕ್ ಒಬ್ಬರು, ಕಂಡಕ್ಟರ್ ಒಬ್ಬಾಕೆ ಇದೇ ಚಿತ್ರಕ್ಕಾಗಿ ಜಗಳವಾಡುತ್ತಿದ್ದರು. ಜಗಳವೆಂದರೆ ತಟ್ಟೆ ಮುಂದಿಟ್ಟುಕೊಂಡೇ ಆಡುವ ಜಗಳ.

“ಅದೊಂದು ರಾಕ್ಷಸಿ ಮೇಡಂ. ಅಪ್ಪ ಅಲ್ಲಿ ಗಂಟೆ ಬಾರಿಸ್ತಾ ಇದಾನೆ, ಇವಳು ಹಣ್ಣು ತಿಂತಾ ಕೂತಿದಾಳೆ,” ಎಂದರು ಮೆಕ್ಯಾನಿಕ್.

“ಯಾವ ಹಣ್ಣು? ಹಣ್ಣೂ ಇಲ್ಲ ಕಾಯೂ ಇಲ್ಲ. ನೀವು ನಿದ್ದೆ ಹೊಡೆದು ಕನಸು ಕಂಡಿದೀರ,” ಎಂದಳು ಕಂಡಕ್ಟರ್.

“ನಾನು ನಿದ್ದೆ ಮಾಡಿದ್ದು ಶುರುನಲ್ಲಿ. ಆ ದೃಶ್ಯ ಬಂದಾಗ ಕಣ್ಣು ಮುಚ್ಚೋಕೂ ಆಗಲಿಲ್ಲ.”

ನಾನು ತಟ್ಟೆ ಸರಿಸಿ ಕೇಳಿದೆ. “ನೀವು ಹೋಗಿದ್ದು ಯಾವತ್ತು?”

ಮೆಕ್ಯಾನಿಕ್ ಶನಿವಾರ. ಕಂಡಕ್ಟರ್ ಭಾನುವಾರ.

ಅಂದು ಕೆಲಸ ಮುಗಿಸಿ ನೇರವಾಗಿ ನಿಮ್ಮ ಸಭಾಂಗಣಕ್ಕೆ ಬಂದೆ. ಮೊಗಸಾಲೆಯ ಮೇಜಿನ ಮೇಲೆ ‘ಪ್ರೇಕ್ಷಕರ ಅಭಿಪ್ರಾಯ’ ಎಂಬ ದಪ್ಪ ಪುಸ್ತಕವಿದೆಯಲ್ಲ, ಅದನ್ನು ಓದಿದೆ. ಅದರ ಪೆನ್ನನ್ನು ದಾರದಿಂದ ಮೇಜಿಗೆ ಕಟ್ಟಿದ್ದೀರಿ. ಪ್ರೇಕ್ಷಕರ ಮೇಲೆ ನಿಮಗೂ ಅನುಮಾನವಿದೆ ಎಂದು ತಿಳಿದು ಸಮಾಧಾನವಾಯಿತು. ಶನಿವಾರದ ಪುಟಗಳಲ್ಲಿ ಒಬ್ಬರು ‘ಇಂಥ ಮಗಳು ಯಾರಿಗೂ ಬೇಡ’ ಎಂದಿದ್ದರು. ಇನ್ನೊಬ್ಬರು ‘ಸೇವೆ ಮಾಡಿದವರಿಗೆ ಮಾತ್ರ ಇದು ಅರ್ಥವಾಗುತ್ತದೆ’ ಎಂದು ಬರೆದು, ಬರೆದದ್ದರ ಮೇಲೆ ಗೀಟು ಎಳೆದು, ಮತ್ತೆ ಅದನ್ನೇ ಬರೆದಿದ್ದರು. ಭಾನುವಾರದ ಪುಟಗಳಲ್ಲೋ, ‘ಕುಟುಂಬ ಸಮೇತ ನೋಡಬಹುದಾದ ಚಿತ್ರ’, ‘ನಿಧಾನ, ಆದರೂ ಮನಸ್ಸಿಗೆ ತಂಪು’, ‘ಬಣ್ಣಗಳು ಚೆನ್ನಾಗಿವೆ’. ಪಕ್ಕದಲ್ಲೇ ನಿಮ್ಮ ಕಚೇರಿಯ ಮುದ್ರೆಯೊಂದಿಗೆ ಒಂದು ಹಾಳೆ: ‘ಒಂದೇ ಕೃತಿಯ ಬಗ್ಗೆ ಇಷ್ಟು ಭಿನ್ನ ಅಭಿಪ್ರಾಯಗಳು ಬಂದಿರುವುದು ನಮ್ಮ ಪ್ರೇಕ್ಷಕರ ಪ್ರಬುದ್ಧತೆಗೆ ಸಾಕ್ಷಿ.’ ಮಾನ್ಯರೇ, ಒಬ್ಬನಿಗೆ ಆನೆಯ ಸೊಂಡಿಲನ್ನೂ ಇನ್ನೊಬ್ಬನಿಗೆ ಬಾಲವನ್ನೂ ತೋರಿಸಿ, ಅವರು ಬಡಿದಾಡುವಾಗ ದೂರ ನಿಂತು ಪ್ರಬುದ್ಧತೆಯನ್ನು ಮೆಚ್ಚುವುದು ಯಾವ ಸೀಮೆಯ ನ್ಯಾಯ?

ಅರ್ಜಿ ಕೊಟ್ಟೆ. ನಿಮ್ಮ ಗುಮಾಸ್ತರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಸಿನಿಮಾ ಇಷ್ಟ ಆಗಲಿಲ್ವಾ ಮೇಡಂ?” ಎಂದು ಕೇಳಿದರು.

“ಇಷ್ಟ ಆಯ್ತೋ ಇಲ್ವೋ ಹೇಳೋಕೆ ಪೂರ್ತಿ ನೋಡಬೇಕಲ್ಲ,” ಎಂದೆ.

“ಪೂರ್ತಿ ನೋಡದೆ ಎದ್ದು ಹೋದ್ರೆ ನಾವೇನ್ ಮಾಡೋಕಾಗುತ್ತೆ?” ಎಂದರು. ನಿಮ್ಮ ಕಚೇರಿಯಲ್ಲಿ ಹಾಸ್ಯಪ್ರಜ್ಞೆ ಇರುವವರೂ ಇದ್ದಾರೆ.

ಒಂಬತ್ತು ದಿನಕ್ಕೆ ಉತ್ತರ ಬಂತು. ‘ಎರಡೂ ದಿನ ಪ್ರದರ್ಶನವು ನಿಗದಿತ ವೇಳೆಯಾದ ಸಂಜೆ ನಾಲ್ಕು ಗಂಟೆಗೆ ಸರಿಯಾಗಿ ಆರಂಭಗೊಂಡು ಸಮರ್ಪಕವಾಗಿ ಮುಕ್ತಾಯಗೊಂಡಿರುತ್ತದೆ. ತಾವು ಉಲ್ಲೇಖಿಸಿರುವ ವ್ಯತ್ಯಾಸವು ಪ್ರೇಕ್ಷಕರ ವೈಯಕ್ತಿಕ ಗ್ರಹಿಕೆಗೆ ಸಂಬಂಧಿಸಿದ್ದಾಗಿರುತ್ತದೆ.’ ನಾಲ್ಕು ಗಂಟೆಗೆ ಸರಿಯಾಗಿ. ಈ ಮಾತನ್ನು ಬರೆದವರಿಗೆ, ಅದು ಟೈಮ್‌ಕೀಪರ್ ಒಬ್ಬಳ ಕೈಗೆ ಹೋಗುತ್ತದೆ ಎಂದು ಗೊತ್ತಿರಲಿಲ್ಲ, ಪಾಪ. ನಿಮ್ಮ ಕರಪತ್ರದ ಪ್ರಕಾರ ಚಿತ್ರದ ಅವಧಿ ನೂರ ಮೂವತ್ತೊಂದು ನಿಮಿಷ. ಮುಗಿಯಬೇಕಾದದ್ದು ಆರು ಹನ್ನೊಂದಕ್ಕೆ. ಶನಿವಾರ ನನ್ನ ತಂಗಿ ಹೊರಬಂದಾಗ ನಮ್ಮ ಕಡೆಯ ಆರು ಹತ್ತರ ಬಸ್ಸು ಆಗಷ್ಟೇ ತಿರುವಿನಲ್ಲಿ ಮರೆಯಾಗುತ್ತಿತ್ತು, ಅವಳು ಆರೂವರೆಯ ಬಸ್ಸಿಗೆ ಬಂದಳು. ಭಾನುವಾರ ನಾನು ಹೊರಬಂದು, ರಸ್ತೆ ದಾಟಿ, ನಿಲ್ದಾಣದಲ್ಲಿ ಏಳೆಂಟು ನಿಮಿಷ ಕಾದು, ಅದೇ ಆರು ಹತ್ತರ ಬಸ್ಸನ್ನು ಆರಾಮವಾಗಿ ಹತ್ತಿದೆ. ಎರಡೂ ದಿನ ಆ ಬಸ್ಸು ಸರಿಯಾದ ಹೊತ್ತಿಗೇ ಹೊರಟಿದೆ, ಪುಸ್ತಕದಲ್ಲಿ ದಾಖಲಾಗಿದೆ. ಬಸ್ಸಿಗೆ ವೈಯಕ್ತಿಕ ಗ್ರಹಿಕೆ ಇರುವುದಿಲ್ಲ.

ಉಳಿದದ್ದನ್ನು ನನ್ನ ಕಿಂಡಿಯ ಬಳಿ ಬಂದು ಒಬ್ಬರು ಹೇಳಿದರು. ಯಾರೆಂದು ಕೇಳಬೇಡಿ. ಬಸ್ಸಿನಲ್ಲಿ ಊರಿನವರೆಲ್ಲ ಓಡಾಡುತ್ತಾರೆ, ನಿಮ್ಮ ಸಭಾಂಗಣದಲ್ಲಿ ಕೆಲಸ ಮಾಡುವವರೂ, ಅವರ ಹೆಂಡಂದಿರೂ, ಮಾವಂದಿರೂ. ಶನಿವಾರದ ಆಟ ಮುಗಿದ ಮೇಲೆ ಮುಂದಿನ ಸಾಲಿನ ಗಣ್ಯರೊಬ್ಬರು ನಿಮ್ಮ ಬಳಿ ಬಂದು, “ಮಕ್ಕಳು ಇದನ್ನ ನೋಡಿ ಕಲಿತ್ರೆ ನಾಳೆ ನಮ್ಮ ಗತಿ ಏನ್ರೀ?” ಎಂದರಂತೆ. ಭಾನುವಾರ ಬೆಳಿಗ್ಗೆ ಸಹಿಯಿಲ್ಲದ ಒಂದು ಚೀಟಿ ಪ್ರೊಜೆಕ್ಟರ್ ಕೋಣೆಗೆ ಹೋಯಿತಂತೆ. ಇಷ್ಟನೇ ನಿಮಿಷದಿಂದ ಇಷ್ಟನೇ ನಿಮಿಷದವರೆಗೆ ಬಿಟ್ಟು ಮುಂದಕ್ಕೆ ಹೋಗುವುದು, ಯಾರಿಗೂ ತಿಳಿಸತಕ್ಕದ್ದಲ್ಲ. ಇದು ಸುಳ್ಳಾದರೆ ನೀವು ಹೇಳಿ, ನನ್ನ ತಪ್ಪನ್ನು ಇದೇ ಪತ್ರಿಕೆಯಲ್ಲಿ ಒಪ್ಪಿಕೊಳ್ಳುತ್ತೇನೆ. ನಿಜವಾದರೆ, ಆ ಗಣ್ಯರ ಭಯ ನನಗೆ ಅರ್ಥವಾಗುತ್ತದೆ. ಆದರೆ ಒಬ್ಬರ ಭಯಕ್ಕೆ ಊರಿನವರ ಕಣ್ಣು ಕಟ್ಟಬೇಕೇ?

ಅಂದು ಸಂಜೆ ಮನೆಗೆ ಹೋಗಿ ನಿಮ್ಮ ಪತ್ರ, ಕರಪತ್ರ, ಬಸ್ಸಿನ ಸಮಯ ಬರೆದುಕೊಂಡ ಹಾಳೆ ಮೂರನ್ನೂ ತಂಗಿಯ ಮುಂದಿಟ್ಟೆ. ಇಪ್ಪತ್ತಾರು ದಿನದ ಮೇಲೆ ಮೊದಲ ಮಾತು.

“ನಾನು ನೋಡಿದ್ದರಲ್ಲಿ ಆ ದೃಶ್ಯವೇ ಇರಲಿಲ್ಲ ಕಣೇ.”

ಅವಳು ಚೀಟಿ ಓದುವ ಹಾಗೆ ಎಲ್ಲವನ್ನೂ ಎರಡೆರಡು ಸಲ ಓದಿದಳು. “ಹಾಗಾದ್ರೆ ನೀನು ಸುಳ್ಳು ಹೇಳ್ತಿರಲಿಲ್ಲ.”

“ನೀನೂ ನನ್ನನ್ನ ಚುಚ್ಚೋಕೆ ಹೇಳಲಿಲ್ಲ.”

“ಅಕ್ಕನನ್ನ ಚುಚ್ಚೋಕೆ ನನಗೇನ್ ಬಂದಿದೆ,” ಎಂದು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ನೀವು ತೆಗೆದ ಹನ್ನೊಂದು ನಿಮಿಷವನ್ನು ನನಗೆ ಬಾಯಲ್ಲೇ ತೋರಿಸಿದಳು. ಗಂಟೆ ಬಾರಿಸುತ್ತದೆ. ಹಿರಿಯವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಾಳೆ, ಕೈಯಲ್ಲಿ ಒಂದು ಹಣ್ಣು. ಮತ್ತೆ ಬಾರಿಸುತ್ತದೆ. ಅವಳು ಕಿಟಕಿಯಾಚೆ ಯಾರೋ ಹೊದಿಕೆ ಒಣಹಾಕುವುದನ್ನು ನೋಡುತ್ತಾ ನಿಧಾನವಾಗಿ ತಿನ್ನುತ್ತಾಳೆ, ಬೀಜದವರೆಗೂ. ಗಂಟೆ ಬಿಟ್ಟುಬಿಟ್ಟು ಬಾರಿಸುತ್ತದೆ, ಆಮೇಲೆ ನಿಲ್ಲುತ್ತದೆ. ಅವಳ ಮುಖದಲ್ಲಿ ಸಿಟ್ಟಿಲ್ಲ, ಕಣ್ಣೀರಿಲ್ಲ. ಎದ್ದು ಕೈ ತೊಳೆಯುತ್ತಾಳೆ. ಕೈ ಒರೆಸಿಕೊಳ್ಳುತ್ತಾಳೆ. ಹೋಗುತ್ತಾಳೆ.

 ನಾನು ಅದುವರೆಗೆ ಯಾರಿಗೂ ಹೇಳದಿದ್ದನ್ನು ಹೇಳಿದೆ. ಅಪ್ಪ ಹೋದ ದಿನದ್ದಲ್ಲ, ಅದಕ್ಕೆ ಒಂದು ವರ್ಷ ಹಿಂದಿನದು. ಒಂದು ಮಧ್ಯಾಹ್ನ ಚಮಚದ ಸದ್ದು ಕೇಳಿಸಿತು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಏಳಲಿಲ್ಲ. ಕೈಗಡಿಯಾರ ನೋಡಿಕೊಂಡೇ ಕೂತಿದ್ದೆ, ಅಭ್ಯಾಸ. ಒಂಬತ್ತು ನಿಮಿಷ. ಒಳಗೆ ಹೋದಾಗ ದಿಂಬು ಜಾರಿ ಅಪ್ಪನ ಕುತ್ತಿಗೆ ಓರೆಯಾಗಿತ್ತು. ಸರಿಮಾಡಿದೆ. “ಬಂದ್ಯಾ,” ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ತಂಗಿ ನನ್ನ ಕೈ ಹಿಡಿದುಕೊಂಡಳು. “ನಿಂದು ಒಂಬತ್ತು ನಿಮಿಷ ಅಕ್ಕ. ನಾನು ಮೂರು ವರ್ಷ ಚಮಚದ ಸದ್ದೇ ಕೇಳಿಸದ ಊರಲ್ಲಿದ್ದೆ.”

ಮಾನ್ಯರೇ, ಈಗ ಹೇಳಿ. ಆ ದೃಶ್ಯದಿಂದ ನೀವು ಯಾರನ್ನು ಕಾಪಾಡಿದಿರಿ? ಅದನ್ನು ನೋಡಿದ್ದರೆ ನಾನು ಭಾನುವಾರವೇ ಮನೆಗೆ ಬಂದು ಈ ಮಾತನ್ನು ಹೇಳುತ್ತಿದ್ದೆನೋ ಏನೋ. ಅಥವಾ ಸಭಾಂಗಣದಲ್ಲೇ ಕೂತು ಅತ್ತು, ಮನೆಗೆ ಬಂದು ಏನೂ ಹೇಳುತ್ತಿರಲಿಲ್ಲವೋ. ಎರಡರಲ್ಲಿ ಯಾವುದಾಗಿದ್ದರೂ ಅದು ನನ್ನದಾಗಿರುತ್ತಿತ್ತು. ಕೌಟುಂಬಿಕ ಮೌಲ್ಯವನ್ನು ಉಳಿಸಲು ಹೊರಟ ನೀವು ಒಂದು ಕುಟುಂಬದಲ್ಲಿ ಉಳಿದಿದ್ದ ಇಬ್ಬರನ್ನು ಮುಖ ನೋಡದ ಹಾಗೆ ಮಾಡಿದಿರಿ. ಇನ್ನೆಷ್ಟು ಮನೆಗಳಲ್ಲಿ ಶನಿವಾರದವರೂ ಭಾನುವಾರದವರೂ ಒಬ್ಬರನ್ನೊಬ್ಬರು ಸುಳ್ಳರೆಂದು ತಿಳಿದುಕೊಂಡಿದ್ದಾರೋ ಯಾರಿಗೆ ಗೊತ್ತು. ಮೊನ್ನೆ ಮತ್ತೆ ನಿಮ್ಮ ಮೊಗಸಾಲೆಗೆ ಬಂದಿದ್ದೆ. ಅಭಿಪ್ರಾಯ ಪುಸ್ತಕದಲ್ಲಿ ಶನಿವಾರದ ಪುಟಗಳು ಈಗ ಇಲ್ಲ, ಹೊಲಿಗೆಯ ಹತ್ತಿರ ಹರಿದ ಅಂಚು ಮಾತ್ರ ಇದೆ. ಇದೂ ನನ್ನ ವೈಯಕ್ತಿಕ ಗ್ರಹಿಕೆಯೇ? ಇಂದು ನೀವು ಬಿಳಿ ಗೋಡೆ ತೋರಿಸಿ ಇದು ಬಿಳಿ ಎಂದರೂ ನಾನು ಮುಟ್ಟಿ ನೋಡುತ್ತೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಚಿತ್ರವನ್ನು ಇನ್ನೊಮ್ಮೆ ತೋರಿಸಿ, ನೂರ ಮೂವತ್ತೊಂದು ನಿಮಿಷವೂ. ಎರಡೂ ದಿನ ಬಂದವರನ್ನು ಒಟ್ಟಿಗೆ ಕರೆಯಿರಿ. ಹರಿದ ಪುಟಗಳನ್ನು ಹುಡುಕಿಸಿ ಅಂಟಿಸಿ. ಇನ್ನು ಮುಂದೆ ಏನನ್ನಾದರೂ ತೆಗೆಯಲೇಬೇಕೆಂದು ತೋರಿದರೆ, ತೆಗೆದಿದ್ದೇವೆ ಎಂದು ಬಾಗಿಲಲ್ಲಿ ಬರೆದು ಕೆಳಗೆ ಸಹಿ ಹಾಕಿ. ಚೀಟಿ ಪಡೆದು ಗುಂಡಿ ಒತ್ತಿದ ನೌಕರರನ್ನು ಮುಟ್ಟಬೇಡಿ, ಚೀಟಿ ಬರೆದ ಕೈ ಅವರದಲ್ಲ.

ಈ ಕರಡನ್ನು ತಂಗಿಗೆ ಓದಲು ಕೊಟ್ಟಿದ್ದೆ. ಆ ಹಿರಿಮಗಳು ಮಾಡಿದ್ದು ತಪ್ಪಲ್ಲ ಎಂದು ಅವಳು ಈಗಲೂ ವಾದಿಸುತ್ತಾಳೆ. ಚಿತ್ರವನ್ನು ಪೂರ್ತಿ ನೋಡಿರುವುದು ನಮ್ಮಲ್ಲಿ ಅವಳೊಬ್ಬಳೇ. ತಪ್ಪು ಎಂದು ನಾನು ಹೇಳುತ್ತೇನೆ. ಮೆಟ್ಟಿಲ ಮೇಲೆ ಕೂತಿದ್ದವಳು ನಾನೊಬ್ಬಳೇ. ನಿನ್ನೆ ಪಾತ್ರೆ ತೊಳೆಯುತ್ತಾ ಇದೇ ವಿಷಯಕ್ಕೆ ಸಾಕಷ್ಟು ಜೋರಾಗಿಯೇ ಜಗಳವಾಡಿದೆವು. ಪಕ್ಕದ ಮನೆಯಾಕೆ ಕಿಟಕಿ ಮುಚ್ಚಿಕೊಂಡರು. ಎಷ್ಟೋ ದಿನಗಳ ಮೇಲೆ ನಮ್ಮ ಮನೆಯಲ್ಲಿ ಇಷ್ಟು ಮಾತಾಯಿತು. ಆ ಜಗಳವನ್ನು ನಾವೇ ಆಡಿ ಮುಗಿಸುತ್ತೇವೆ, ಮುಗಿಯದಿದ್ದರೆ ಮುಂದುವರಿಸುತ್ತೇವೆ. ನೀವು ಸಿನಿಮಾ ತೋರಿಸಿ, ಸಾಕು.

ಇಂತಿ,
ನಿಮ್ಮ ಉತ್ತರ ಬಂದರೂ ಅದನ್ನು ಎರಡು ಸಲ ಓದದೆ ನಂಬಲಾರದ,
ಒಬ್ಬ ಅಕ್ಕ
(ಬಸ್ ನಿಲ್ದಾಣದ ಟೈಮ್‌ಕೀಪರ್)